ಮುಂಗೋಪಿ ಮೀನಿಗೆ ತಕ್ಕ ನೆರೆಹೊರೆ

ದೊಡ್ಡದು ಸಣ್ಣದನ್ನು ನುಂಗುವ ಅರಾಜಕ ಸ್ಥಿತಿಗೆ ನಮ್ಮ ಹಿರಿಯರು ‘ಮತ್ಸ್ಯನ್ಯಾಯ’ ಎಂದು ಹೆಸರಿಟ್ಟರು. ಹಾಗೆ ಹೆಸರಿಟ್ಟವರು ಮೀನು ಸಾಕಿದವರಲ್ಲವೆಂದು ನನ್ನ ಗುಮಾನಿ. ಮೊದಲು ಷಿಕಾಗೋದ ಉಪನಗರವಾದ ನೇಪರ್‌ವಿಲ್‌ನಲ್ಲಿ, ಅನಂತರ ಡೆಟ್ರಾಯ್ಟ್ ಬಳಿಯ ಕ್ಯಾಂಟನ್‌ನಲ್ಲಿ, ಇಪ್ಪತ್ತು ವರ್ಷಗಳಿಂದ ನೆಲಮಾಳಿಗೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುತ್ತಿರುವ ನನಗೆ ಕಂಡ ನ್ಯಾಯವೇ ಬೇರೆ. ನುಂಗುವ ಮೀನು ಯಾವುದು, ಸಾಧು ಮೀನು ಯಾವುದು ಎಂಬುದನ್ನು ಅಂಗಡಿಯವನೂ ಹೇಳಿಯಾನು. ಇವೆರಡರ ನಡುವಿನ, ಮೂಗಿನ ತುದಿಯಲ್ಲಿ ಕೋಪವನ್ನಿಟ್ಟುಕೊಂಡ ಮೀನಿಗೆ ಜೊತೆಗಾರರನ್ನು ಹುಡುಕುವುದೇ ಕಷ್ಟ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಗೆ ಇದನ್ನೂ ಧಾರಾಳವಾಗಿ ಸೇರಿಸಬಹುದು.

ನಾನು ಸಾಕುವ ಮೀನಿನ ಹೆಸರು ಆರೆಂಜ್ ಕ್ರೋಮೈಡ್. ಅಂಗೈಯೊಳಗೆ ಅಡಗುವ, ಮೂರು ಅಂಗುಲದ ಅರಿಸಿನ-ಕಿತ್ತಳೆ ಬಣ್ಣದ ಮೀನು. ಮೈ ಮೇಲೊಂದು ಕಪ್ಪು ಬೊಟ್ಟು. 1795ರಲ್ಲಿ ಜರ್ಮನಿಯ ಬ್ಲಾಕ್ ಎಂಬ ವಿದ್ವಾಂಸ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದ. ಸಿಕ್ಲಿಡ್ ಎಂಬ ದೊಡ್ಡ ಕುಟುಂಬದ ಬಹುತೇಕ ಮೀನುಗಳು ಆಫ್ರಿಕ ಮತ್ತು ಅಮೆರಿಕ ಖಂಡಗಳವು. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ: ಈ ಕಿತ್ತಳೆ ಮೀನು, ಮಲಯಾಳಿಗಳು ಕರಿಮೀನ್ ಎಂದು ಆದರದಿಂದ ಉಣ್ಣುವ ಹಸಿರು ಕ್ರೋಮೈಡ್, ಮತ್ತು ನಮ್ಮ ಕನ್ನಡ ಜಿಲ್ಲೆಯ ಹೆಸರನ್ನೇ ಹೊತ್ತ ‘ಕೆನರೆನ್ಸಿಸ್’. ಕುಂದಾಪುರದಿಂದ ಬಂದಿದ್ದ ನನ್ನ ತಾಯಿ ತೊಟ್ಟಿಯನ್ನು ನೋಡಿದವರೇ, “ಇದ್ ನಮ್ ಹೊಳಿ ಮೀನಲ್ದಾ ಮಗಾ? ಇದನ್ನ್ ದುಡ್ಡ್ ಕೊಟ್ಟ್ ತಂದ್ಯಾ?” ಎಂದು ಕೇಳಿದ್ದರು. ಉತ್ತರ ಹೇಳಲು ನಾಚಿಕೆಯಾಯಿತು.

ಈ ಮೀನಿನ ಕೋಪಕ್ಕೆ ಕಾರಣವುಂಟು. ಗಂಡು ಹೆಣ್ಣು ಎರಡೂ ಸೇರಿ ಕಲ್ಲಿನ ಮೇಲೆ ಇನ್ನೂರು ಮುನ್ನೂರು ಮೊಟ್ಟೆಗಳನ್ನು ಕಾಯುತ್ತವೆ. ಹುಟ್ಟಿದ ಮರಿಗಳನ್ನು ಜೊತೆಯಲ್ಲೇ ಕರೆದೊಯ್ಯುತ್ತವೆ. ಮರಿಗಳು ತಂದೆತಾಯಿಯರ ಮೈಗೆ ತಾಕಿ ತಾಕಿ, ಅಲ್ಲಿ ಒಸರುವ ಲೋಳೆಯನ್ನು ತಿಂದು ಬೆಳೆಯುತ್ತವೆ. ಈ ಅಪೂರ್ವ ನಡವಳಿಕೆಯನ್ನು ಕುರಿತು ವಾರ್ಡ್ ಮತ್ತು ಬಾರ್ಲೊ ಎಂಬ ವಿಜ್ಞಾನಿಗಳು 1967ರಲ್ಲಿ ಪ್ರಬಂಧ ಪ್ರಕಟಿಸಿದರು. ಜಾರ್ಜ್ ಬಾರ್ಲೊ ಅರವತ್ತರ ದಶಕದ ಮೊದಲರ್ಧದಲ್ಲಿ ನಮ್ಮ ಇಲಿನಾಯ್ ವಿಶ್ವವಿದ್ಯಾಲಯದಲ್ಲೇ ಅಧ್ಯಾಪಕರಾಗಿದ್ದವರು. ಮಕ್ಕಳೊಂದಿಗನ ಮನೆಯ ಬಾಗಿಲಲ್ಲಿ ನಿಂತು ಗದರುವವನನ್ನು ದುಷ್ಟನೆನ್ನಲಾದೀತೆ?

ಹಾಗಾದರೆ ಜೊತೆಗೆ ಯಾರನ್ನು ಬಿಡಬೇಕು? ಮೊದಲು ನೋಡಬೇಕಾದದ್ದು ನೀರನ್ನು. ಅಳಿವೆಯಲ್ಲಿ ಹುಟ್ಟಿದ ಈ ಮೀನಿಗೆ ಸ್ವಲ್ಪ ಗಡಸಾದ, ತುಸು ಕ್ಷಾರೀಯವಾದ ನೀರು ಹಿತ. ಷಿಕಾಗೋದ ನಲ್ಲಿಗೆ ಮಿಷಿಗನ್ ಸರೋವರದಿಂದಲೂ ಡೆಟ್ರಾಯ್ಟಿನ ನಲ್ಲಿಗೆ ಹ್ಯೂರನ್ ಸರೋವರ ಮತ್ತು ಡೆಟ್ರಾಯ್ಟ್ ನದಿಯಿಂದಲೂ ಬರುವ ನೀರು, ಕ್ಲೋರಿನ್ ಕಳೆದರೆ, ಇದಕ್ಕೆ ಚೆನ್ನಾಗಿಯೇ ಒಗ್ಗುತ್ತದೆ. ಮೆದುನೀರಿನ ನಿಯಾನ್ ಟೆಟ್ರಾ, ಡಿಸ್ಕಸ್ ಮೊದಲಾದವು ಇಲ್ಲಿಗೇ ಪಟ್ಟಿಯಿಂದ ಹೊರಗಾದವು. ಆದರೆ ನೀರು ಕೂಡಿದರೆ ಸಾಲದು. ಆಫ್ರಿಕದ ಮಲಾವಿ ಸರೋವರದ ಬಣ್ಣದ ಮೀನುಗಳಿಗೂ ಇದೇ ನೀರು ಪ್ರಿಯ. ಆದರೆ ಅವುಗಳ ಜಗಳಗಂಟತನದ ಮುಂದೆ ನಮ್ಮ ಕರಾವಳಿಯ ಕೋಪ ಏನೇನೂ ಅಲ್ಲ. ಜಾತಕ ಕೂಡಿದರೂ ಮನಸ್ಸು ಕೂಡದ ಸಂಬಂಧವದು.

ಎರಡನೆಯದು ಗಾತ್ರ. ಬಾಯಲ್ಲಿ ಹಿಡಿಸುವಷ್ಟು ಸಣ್ಣದು ಬೇಡ. ಒಂದಡಿ ಬೆಳೆಯುವ ಆಸ್ಕರ್‌ನಂತಹ ದೈತ್ಯವೂ ಬೇಡ. ಉದ್ದ ರೆಕ್ಕೆಗಳನ್ನು ಇಳಿಬಿಟ್ಟು ನಿಧಾನವಾಗಿ ತೇಲುವ ಗಪ್ಪಿ, ಬೆಟ್ಟಾಗಳು ಕಚ್ಚಿಸಿಕೊಳ್ಳುವುದಕ್ಕೇ ಬಂದಂತಿರುತ್ತವೆ.

ಮೂರನೆಯದು ಅಂತಸ್ತು. ನಮ್ಮ ಕೆರೆಗಳಲ್ಲಿ ಮೀನು ಕೃಷಿ ಮಾಡುವವರು ಮೇಲ್ಪದರದ ಕಾಟ್ಲಾ, ನಡುನೀರಿನ ರೋಹು, ತಳದ ಮೃಗಾಲ್ ಮೂರನ್ನೂ ಒಟ್ಟಿಗೆ ಬಿಡುತ್ತಾರೆ. ಒಂದರ ತಟ್ಟೆಗೆ ಇನ್ನೊಂದು ಕೈ ಹಾಕದು. ತೊಟ್ಟಿಯಲ್ಲಿಯೂ ಇದೇ ಸೂತ್ರ. ಕ್ರೋಮೈಡ್ ತಳದ ಮತ್ತು ನಡುನೀರಿನ ಒಡೆಯ. ಆದ್ದರಿಂದ ಮೇಲೆ ಓಡಾಡುವ, ಚುರುಕಾದ ಮಾಲಿ, ಸ್ವೋರ್ಡ್‌ಟೇಲ್, ರೇನ್‌ಬೋ ಮೀನುಗಳು ಒಳ್ಳೆಯ ನೆರೆಯವರು. ಪಶ್ಚಿಮ ಘಟ್ಟದ ಹೊಳೆಗಳ ಫಿಲಮೆಂಟ್ ಬಾರ್ಬ್ ಸಿಕ್ಕಿದರೆ ಊರಿನವರೇ ಸಿಕ್ಕಂತೆ. ರಾತ್ರಿ ತಳವನ್ನು ತಡಕಿ ಮೊಟ್ಟೆ ತಿನ್ನುವ ಬೆಕ್ಕುಮೀನುಗಳನ್ನು ಮಾತ್ರ ದೂರವಿಡಬೇಕು.

ನೆರೆಯವರೇ ಬೇಡ, ಜೋಡಿಯೊಂದೇ ಸುಖವಾಗಿರಲಿ ಎಂದು ಯೋಚಿಸುವವರೂ ಉಂಟು. ಶಾಂಬರ್ಗಿನ ಮಿತ್ರರೊಬ್ಬರು ಒಂದು ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹೆಣ್ಣು ಮೀನನ್ನು ತಂದರು. ಬಾಲ ಹರಿದಿತ್ತು, ಒಂದು ಪಕ್ಕದ ಹುರುಪೆಗಳೇ ಇರಲಿಲ್ಲ. ಖಾಲಿ ತೊಟ್ಟಿಯಲ್ಲಿ ಗಂಡು ಹೆಣ್ಣು ಎರಡೇ ಇದ್ದವಂತೆ. ಹೊರಗಿನ ಶತ್ರುವಿಲ್ಲದಿದ್ದರೆ ಗಂಡು ತನ್ನ ಕೋಪವನ್ನೆಲ್ಲ ಹೆಣ್ಣಿನ ಮೇಲೆಯೇ ತೀರಿಸಿಕೊಳ್ಳುತ್ತದೆ. ಗದರಿಸಲು ದೂರದಲ್ಲೊಂದು ನೆರೆ ಇದ್ದರೆ ಜೋಡಿ ಒಂದಾಗುತ್ತದೆ. ಮೇಲೆ ಹತ್ತಾರು ಮೀನುಗಳು ನಿರ್ಭಯವಾಗಿ ಓಡಾಡುತ್ತಿದ್ದರೆ ಕೆಳಗಿನವಕ್ಕೂ ಧೈರ್ಯ ಬರುತ್ತದೆ. ಆ ಹೆಣ್ಣು ಎರಡು ವಾರ ಬೇರೆ ತೊಟ್ಟಿಯಲ್ಲಿ ಚೇತರಿಸಿಕೊಂಡಿತು. ಆಮೇಲೆ 55 ಗ್ಯಾಲನ್ನಿನ, ನಾಲ್ಕಡಿ ಉದ್ದದ ತೊಟ್ಟಿಯಲ್ಲಿ, ಏಳು ಸ್ವಜಾತಿಯವರ ಮತ್ತು ಒಂದು ಡಜನ್ ರೇನ್‌ಬೋಗಳ ನಡುವೆ, ತಾನೇ ಆರಿಸಿಕೊಂಡ ಗಂಡಿನೊಡನೆ ಸಂಸಾರ ಹೂಡಿತು. ಮರುವರ್ಷ ಅದರ ಮರಿಗಳನ್ನೇ ಮಿತ್ರರಿಗೆ ಕೊಟ್ಟೆ. ಈ ಬಾರಿ ಗುಂಪಾಗಿ.

ವಿದ್ಯಾರಣ್ಯ ಕನ್ನಡ ಕೂಟದ ಸದಸ್ಯತ್ವದಿಂದ ಪಂಪ ಕನ್ನಡ ಕೂಟದ ಸದಸ್ಯತ್ವಕ್ಕೆ ನಾವು ವರ್ಗವಾದಾಗ ಮೀನುಗಳೂ ವರ್ಗವಾದವು. ಹೆದ್ದಾರಿ 94ರಲ್ಲಿ ಐದು ಗಂಟೆ ಬಕೆಟ್ಟಿನಲ್ಲಿ ಕುಳಿತು ಬಂದವು. ಹೊಸ ಮನೆಯಲ್ಲಿ ಕಲ್ಲು, ಮಡಕೆಗಳನ್ನೆಲ್ಲ ಬೇರೆ ಕ್ರಮದಲ್ಲಿ ಜೋಡಿಸಿದೆ. ನೇಪರ್‌ವಿಲ್‌ನಲ್ಲಿ ಅರ್ಧ ತೊಟ್ಟಿಯನ್ನು ಆಳುತ್ತಿದ್ದ ಹಳೆಯ ಜಮೀನ್ದಾರನಿಗೆ ತನ್ನ ಗಡಿ ಎಲ್ಲಿಯೆಂದೇ ತಿಳಿಯಲಿಲ್ಲ. ವಾರಗಟ್ಟಲೆ ಪರಮ ಶಾಂತಿ. ಹೊಸಬರನ್ನು ಸೇರಿಸುವಾಗ ಕಲ್ಲುಗಳನ್ನು ಕದಲಿಸಬೇಕು, ಸಾಧುಗಳನ್ನು ಮೊದಲೂ ಮುಂಗೋಪಿಯನ್ನು ಕೊನೆಗೂ ಬಿಡಬೇಕು ಎಂಬ ಅನುಭವಿಗಳ ಮಾತಿನ ಮರ್ಮ ಇದೇ.

ಪ್ರಕೃತಿಯ ಏರ್ಪಾಡು ಇದಕ್ಕಿಂತಲೂ ಸೂಕ್ಷ್ಮ. ಅಳಿವೆಗಳಲ್ಲಿ ಕಿತ್ತಳೆ ಕ್ರೋಮೈಡ್ ಎಳೆಯ ಕರಿಮೀನುಗಳ ಮೈಗೆ ಅಂಟಿದ ಪರೋಪಜೀವಿಗಳನ್ನು ಹೆಕ್ಕಿ ಶುಚಿಗೊಳಿಸುತ್ತದೆಂದು 1972ರಲ್ಲಿ ವರದಿಯಾಯಿತು. ಅದೇ ಕ್ರೋಮೈಡ್ ಸಮಯ ಸಿಕ್ಕಿದರೆ ಅದೇ ಕರಿಮೀನಿನ ಮೊಟ್ಟೆಗಳನ್ನು ಕದಿಯುವುದೂ ಉಂಟು. ಆದರೂ ಎರಡೂ ಒಂದೇ ನೀರಿನಲ್ಲಿ ಬಾಳುತ್ತಿವೆ.

ಎಲ್ಲ ಪ್ರಯತ್ನ ಮಾಡಿಯೂ ಒಂದು ಮೀನು ಹೊಂದದೆ ಹೋದರೆ? ಅಂಗಡಿಗೆ ಹಿಂತಿರುಗಿಸಿ, ಹವ್ಯಾಸಿಗಳ ಸಂಘಕ್ಕೆ ಕೊಡಿ. ಹತ್ತಿರದ ಕೆರೆಗೋ ಸರೋವರಕ್ಕೋ ಬಿಡುವುದು ಮಾತ್ರ ಪುಣ್ಯಕಾರ್ಯವಲ್ಲ. ನಮ್ಮ ಕರಾವಳಿಯ ಮೀನು ಮಿಷಿಗನ್ನಿನ ಮೊದಲ ಚಳಿಗೇ ಸಾಯುತ್ತದೆ. ಬದುಕಿ ಉಳಿಯುವ ಮೀನಾದರೆ ಅನರ್ಥ ಇನ್ನೂ ದೊಡ್ಡದು. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರಗಳ ರೌಂಡ್ ಗೋಬಿ ಎಂಬ ಮೀನು (ಮಂಚೂರಿಗೂ ಇದಕ್ಕೂ ಸಂಬಂಧವಿಲ್ಲ) ಹಡಗುಗಳ ತಳದ ನೀರಿನಲ್ಲಿ ಬಂದು, 1990ರಲ್ಲಿ ಡೆಟ್ರಾಯ್ಟಿನ ಮೇಲ್ಭಾಗದ ಸೇಂಟ್ ಕ್ಲೇರ್ ನದಿಯಲ್ಲಿ ಕಾಣಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಷಿಕಾಗೋದ ಕ್ಯಾಲುಮೆಟ್ ಬಂದರಿನಲ್ಲಿ ಅದು ಸ್ಥಳೀಯ ಸ್ಕಲ್ಪಿನ್ ಮೀನುಗಳನ್ನು ಮೊಟ್ಟೆಯಿಡುವ ಕಲ್ಲುಗಳಿಂದಲೇ ಓಡಿಸಿತು. ಅಲ್ಲಿ ಸ್ಕಲ್ಪಿನ್‌ಗೆ ಹೊಸ ಪೀಳಿಗೆಯೇ ಇಲ್ಲದಂತಾಯಿತು. ಊರಿನ ಕೆರೆಗಳಲ್ಲಿ ಕಾಟ್ಲಾ ಜೊತೆಗೆ ರೈತರು ಸಾಕುವ ಬೆಳ್ಳಿ ಗೆಂಡೆಯೂ ಇಲಿನಾಯ್ ನದಿಯಲ್ಲಿ ಪೀಡೆ. ಅದು ಮಿಷಿಗನ್ ಸರೋವರಕ್ಕೆ ನುಗ್ಗದಿರಲೆಂದು ಷಿಕಾಗೋ ಕಾಲುವೆಯಲ್ಲಿ ವಿದ್ಯುತ್ ಬೇಲಿಯನ್ನೇ ಹಾಕಿದ್ದಾರೆ. ತೊಟ್ಟಿಯಲ್ಲಾದರೆ ಕಲ್ಲು ಕದಲಿಸಿ ಸರಿಪಡಿಸಬಹುದು. ಸರೋವರದ ಕಲ್ಲುಗಳನ್ನು ಕದಲಿಸುವವರಾರು?

ಆಸಕ್ತರು ಷಿಕಾಗೋದಲ್ಲಿ 1930ರಲ್ಲಿ ತೆರೆದ ಶೆಡ್ ಅಕ್ವೇರಿಯಂ ಅನ್ನು, ಡೆಟ್ರಾಯ್ಟಿನಲ್ಲಿ 1904ರಲ್ಲಿ ಆರಂಭವಾಗಿ, 2005ರಲ್ಲಿ ಮುಚ್ಚಿ, 2012ರಲ್ಲಿ ಮತ್ತೆ ಬಾಗಿಲು ತೆರೆದ ಬೆಲ್ ಐಲ್ ಅಕ್ವೇರಿಯಂ ಅನ್ನು ತಪ್ಪದೆ ನೋಡಬೇಕು. ಮಕ್ಕಳು ಬಣ್ಣ ನೋಡಲಿ. ಹಿರಿಯರು ಯಾವ ಮೀನಿನ ಪಕ್ಕದಲ್ಲಿ ಯಾವುದನ್ನಿಟ್ಟಿದ್ದಾರೆ ಎಂಬುದನ್ನು ಗಮನಿಸಲಿ. ಕನ್ನಡ ಕೂಟಗಳ ಪದಾಧಿಕಾರಿಗಳಿಗೆ ಈ ಅಧ್ಯಯನದಿಂದ ವಿಶೇಷ ಪ್ರಯೋಜನವಾದೀತೆಂದು ವಿನಯಪೂರ್ವಕವಾಗಿ ಸೂಚಿಸುತ್ತೇನೆ. ಮೀನಿನ ಸ್ವಭಾವವನ್ನು ತಿದ್ದಲು ಯಾರಿಂದಲೂ ಆಗದು. ಅದಕ್ಕೆ ಮರೆಯಾಗಲು ಒಂದು ಕಲ್ಲು, ಕಾಯಲು ಒಂದಿಷ್ಟು ಜಾಗ, ಗದರಿಸಿದರೂ ಬೇಸರಪಡದ ಒಂದಿಬ್ಬರು ನೆರೆಯವರು ಇಷ್ಟನ್ನು ಒದಗಿಸಬಹುದು. ಮಿಕ್ಕದ್ದನ್ನು ಅವೇ ನೋಡಿಕೊಳ್ಳುತ್ತವೆ.