ಭಾನುವಾರದ ಸೈಕಲ್ಲು, ಸೋಮವಾರದ ಹಾದಿ

ಭಾನುವಾರದ ನಸುಕು. ಮೈಸೂರಿನ ತಾವರೆಕಟ್ಟೆಯ ಬಳಿ, ಚಾಮುಂಡಿ ಬೆಟ್ಟದ ರಸ್ತೆ ಮೇಲೇರತೊಡಗುವ ಎಡೆಯಲ್ಲಿ, ಬೀದಿಯ ದೀಪಗಳು ಇನ್ನೂ ಆರಿಲ್ಲ. ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಸೈಕಲ್ ಸವಾರರು ಬಂದು ಸೇರುತ್ತಾರೆ. ತಲೆಗೆ ಹೆಲ್ಮೆಟ್ಟು, ಕೈಗೆ ಗವುಸು, ಸೈಕಲ್ಲಿನ ನಡುಗಂಬಿಗೆ ಸಿಕ್ಕಿಸಿದ ನೀರಿನ ಸೀಸೆ. ವೈದ್ಯರು, ವಕೀಲರು, ಎಂಜಿನಿಯರುಗಳು, ಕಾಲೇಜಿನ ಹುಡುಗ ಹುಡುಗಿಯರು; ಎಲ್ಲರ ಮುಖದಲ್ಲಿಯೂ ರಜೆಯ ಉಲ್ಲಾಸ. ಅವರ ಸೈಕಲ್ಲುಗಳಲ್ಲಿ ಕೆಲವು ಒಂದು ಮೋಟಾರ್ ಸೈಕಲ್ಲಿನಷ್ಟೇ ಬೆಲೆಬಾಳುವಂಥವು. ಒಂದೇ ಕೈಯಿಂದ ಎತ್ತಬಹುದಾದಷ್ಟು ಹಗುರವಾದವು.

ಅದೇ ಹೊತ್ತಿನಲ್ಲಿ ಅದೇ ದಾರಿಯಲ್ಲಿ ಇನ್ನೊಂದು ಬಗೆಯ ಸವಾರರೂ ಹಾದುಹೋಗುತ್ತಾರೆ. ಪತ್ರಿಕೆ ಹಂಚುವ ಹುಡುಗ, ಹಾಲಿನ ಕ್ಯಾನುಗಳನ್ನು ಎರಡು ಕಡೆಗೂ ತೂಗುಹಾಕಿಕೊಂಡ ಮುದುಕ, ಕರಣೆಯನ್ನೂ ಬುತ್ತಿಯನ್ನೂ ಚೀಲದಲ್ಲಿ ಕಟ್ಟಿಕೊಂಡ ಗಾರೆ ಕೆಲಸದವನು. ಇವರ ಸೈಕಲ್ಲಿಗೆ ಗೇರಿಲ್ಲ, ನೀರಿನ ಸೀಸೆಯಿಲ್ಲ; ಇವರಿಗೆ ಭಾನುವಾರವೂ ಇಲ್ಲ. ಎರಡು ಗುಂಪಿನವರೂ ಒಬ್ಬರನ್ನೊಬ್ಬರು ಗಮನಿಸುವುದು ಅಪರೂಪ. ಸೋಮವಾರ ಬೆಳಗಾಯಿತೆಂದರೆ ಮೊದಲಿನ ಗುಂಪು ರಸ್ತೆಯಿಂದ ಮಾಯವಾಗಿ ಕಾರಿನ ಕಿಟಕಿಯೊಳಗೆ ಸೇರುತ್ತದೆ. ಎರಡನೆಯ ಗುಂಪು ಮಾತ್ರ ಅದೇ ಕಾರಿನ ಹಾರನ್ನಿಗೆ ಬೆಚ್ಚಿ ರಸ್ತೆಯ ಅಂಚಿಗೆ ಸರಿಯುತ್ತದೆ.

ಮೈಸೂರನ್ನು ನೋಡಿದರೆ ಅದು ಸೈಕಲ್ಲಿನ ಅಳತೆಗೇ ಕಟ್ಟಿದ ಊರೇನೋ ಎನ್ನಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದೆರಗಿ ಇಕ್ಕಟ್ಟಾದ ಕೇರಿಗಳನ್ನು ನಡುಗಿಸಿದಾಗ, ಊರಿಗೆ ಗಾಳಿ ಬೆಳಕು ಬೇಕೆಂಬುದು ಆಳುವವರ ಅರಿವಿಗೆ ಬಂದಿತು. 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಮಂಡಳಿ ಸ್ಥಾಪಿತವಾಯಿತು. ನೇರವಾದ ಬೀದಿಗಳು, ಸಾಲುಮರಗಳು, ನಡುನಡುವೆ ಉದ್ಯಾನಗಳು ಊರಿಗೆ ಬಂದವು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲುಗಳಲ್ಲಿ ಅಡ್ಡಾಡಿದವರಿಗೆ ಆ ಹಳೆಯ ಬಡಾವಣೆಗಳ ಸೊಗಸು ಗೊತ್ತು. ಒಂದು ಬಡಾವಣೆಯಿಂದ ಮಾರುಕಟ್ಟೆಗೋ ಕಾಲೇಜಿಗೋ ಕಚೇರಿಗೋ ಮೂರು ನಾಲ್ಕು ಮೈಲಿಗಿಂತ ಹೆಚ್ಚಿಲ್ಲ. ನಡೆಯುವವನಿಗೆ ತುಸು ದೂರ, ಮೋಟಾರಿಗೆ ತೀರ ಹತ್ತಿರ. ಸೈಕಲ್ಲಿಗೆ ಮಾತ್ರ ಸರಿಯಾದ ಅಂತರ.

ಆ ಸೈಕಲ್ಲಾದರೂ ಆಗ ಹೊಸತೇ. ಹೆಚ್ಚು ಕಡಿಮೆ ಸಮನಾದ ಎರಡು ಗಾಲಿಗಳನ್ನಿಟ್ಟು, ಚೈನಿನಿಂದ ಹಿಂದಿನ ಗಾಲಿಯನ್ನು ತಿರುಗಿಸುವ ವಾಹನವನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಜನಪ್ರಿಯಗೊಳಿಸಿದ್ದು 1885ರಲ್ಲಿ. ಡನ್‌ಲಪ್ ಅದಕ್ಕೆ ಗಾಳಿ ತುಂಬಿದ ಟೈರನ್ನು ಕೊಟ್ಟದ್ದು 1888ರಲ್ಲಿ. ಅಂದಿನಿಂದ ಇಂದಿನವರೆಗೆ ಆ ಯಂತ್ರದ ಮೂಲಸ್ವರೂಪ ಬದಲಾಗಿಲ್ಲ ಎಂಬುದೇ ಅದರ ಪೂರ್ಣತೆಗೆ ಸಾಕ್ಷಿ.

ಒಂದು ಕಾಲದಲ್ಲಿ ಸೈಕಲ್ಲು ಮನೆಯ ಮರ್ಯಾದೆಯ ವಸ್ತುವಾಗಿತ್ತು. ಪಂಚೆ ಕೋಟು ಧರಿಸಿದ ಉಪಾಧ್ಯಾಯರು ಸೈಕಲ್ಲಿನಿಂದಿಳಿದು ತರಗತಿಗೆ ಹೋಗುತ್ತಿದ್ದರು. ಮದುವೆಯಲ್ಲಿ ಅಳಿಯನಿಗೆ ಸೈಕಲ್ಲು ಕೊಟ್ಟರೆ ಬೀಗರು ಸಂತುಷ್ಟರಾಗುತ್ತಿದ್ದರು. ತೆರಿಗೆ ಕಟ್ಟಿ ತಂದ ಲೋಹದ ಬಿಲ್ಲೆ ಹ್ಯಾಂಡಲಿನ ಬಳಿ ಹೊಳೆಯುತ್ತಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಹೊರಟವನಿಗೂ, ಕ್ಯಾರಿಯರಿನ ಮೇಲೆ ಗೆಳೆಯನನ್ನು ಕೂರಿಸಿಕೊಂಡವನಿಗೂ ಪೊಲೀಸಿನವರ ಭಯವಿರುತ್ತಿತ್ತು. ಮಕ್ಕಳು ಬಾಡಿಗೆ ಅಂಗಡಿಯಿಂದ ಗಂಟೆಯ ಲೆಕ್ಕದಲ್ಲಿ ಸೈಕಲ್ಲು ತಂದು, ಸೀಟು ಎಟುಕದೆ, ಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು, ಮೊಣಕಾಲು ತರಚಿಕೊಂಡು ಮನೆಗೆ ಬರುತ್ತಿದ್ದರು.

ಅನಂತರ ಮೋಟಾರಿನ ಸದ್ದು ಕೇಳಿಸಿತು. ಮೈಸೂರಿನ ಯಾದವಗಿರಿಯಲ್ಲಿಯೇ 1961ರಿಂದ ಜಾವಾ ಮೋಟಾರ್ ಸೈಕಲ್ಲುಗಳು ತಯಾರಾದವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅಷ್ಟು ಹೊತ್ತಿಗೆ ಸ್ಕೂಟರು ಮನೆಮನೆಯ ಅಂಗಳವನ್ನು ಹೊಕ್ಕಾಗಿತ್ತು. ಅದರ ಬೆನ್ನಿಗೆ ಕಾರೂ ಬಂದಿತು. ಇದರಲ್ಲಿ ತಪ್ಪೇನೂ ಇಲ್ಲ. ತಪ್ಪಾದದ್ದು ಬೇರೆಡೆ. ಅನುಕೂಲಸ್ಥರು ಸೈಕಲ್ಲಿನಿಂದಿಳಿದಾಗ, ಅವರೊಡನೆ ಸೈಕಲ್ಲಿನ ಗೌರವವೂ ಇಳಿದುಹೋಯಿತು. ಗೌರವ ಹೋದ ಮೇಲೆ ರಸ್ತೆಯಲ್ಲಿ ಅದಕ್ಕಿದ್ದ ಜಾಗವೂ ಹೋಯಿತು. ಸಭೆಯಲ್ಲಿ ಕುಳಿತು ರಸ್ತೆಯ ನಕ್ಷೆಗೆ ಒಪ್ಪಿಗೆ ಕೊಡುವವರಾರೂ ಸೈಕಲ್ಲಿನಲ್ಲಿ ಬಾರದಿದ್ದರೆ, ಆ ನಕ್ಷೆಯಲ್ಲಿ ಸೈಕಲ್ಲಿಗೆ ಎಡೆಯೆಲ್ಲಿಂದ ಬಂದೀತು?

ಕುವೆಂಪುನಗರದ ಒಬ್ಬ ಗೃಹಸ್ಥರನ್ನು ನೆನೆಯೋಣ. ವಯಸ್ಸು ಐವತ್ತರ ಆಚೀಚೆ. ಪೇಟೆಯಲ್ಲೊಂದು ಕಚೇರಿಯಲ್ಲಿ ಕೆಲಸ. ಸಕ್ಕರೆಯ ಅಂಶ ಅಪಾಯದ ಅಂಚಿನಲ್ಲಿದೆಯೆಂದು ವೈದ್ಯರು ಎಚ್ಚರಿಸಿದ್ದಾರೆ. ಮಗ ಬೇರೆ ಊರಿಗೆ ಹೋಗುವಾಗ ಬಿಟ್ಟುಹೋದ ಸೈಕಲ್ಲು ಮಹಡಿಯ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿತ್ತು. ಒಂದು ದಿನ ಅದನ್ನು ತಳ್ಳಿಕೊಂಡು ರಿಪೇರಿ ಅಂಗಡಿಗೆ ಹೋದರು. ಹೊಸ ಟ್ಯೂಬು, ಹೊಸ ಬ್ರೇಕಿನ ರಬ್ಬರು, ಚೈನಿಗೆ ಎಣ್ಣೆ. ಸಂಜೆ ಮನೆಗೆ ಬಂದು, ನಾಳೆಯಿಂದ ಕಚೇರಿಗೆ ಇದರಲ್ಲೇ ಎಂದಾಗ ಮನೆಯಾಕೆ ಒಗ್ಗರಣೆಯ ಸೌಟನ್ನು ಕೈಯಲ್ಲಿ ಹಿಡಿದೇ ಹೊರಬಂದರು.

“ಈ ವಯಸ್ಸಿನಲ್ಲಿ ಇದೇನ್ರೀ ಹುಡುಗಾಟ? ಕಂಡವರು ಸ್ಕೂಟರ್ ಮಾರಿಕೊಂಡರೇನೋ ಅಂದುಕೊಳ್ಳೋಲ್ವೆ?”

“ಅಂದುಕೊಳ್ಳಲಿ ಬಿಡೆ. ಸಕ್ಕರೆ ಏರಿರೋದು ಅವರಿಗಲ್ಲವಲ್ಲ.”

“ಭಾನುವಾರ ಬೇಕಾದರೆ ಬೆಟ್ಟಕ್ಕೆ ಹೋಗಿ ಬನ್ನಿ, ನಾನು ಬೇಡ ಅನ್ನೋಲ್ಲ. ಆಫೀಸಿಗೆ ಮಾತ್ರ ಬೇಡಿ.”

ಆ ಗೃಹಿಣಿಯ ಮಾತಿನಲ್ಲಿ ನಗರದ ಮನಸ್ಸೆಲ್ಲವೂ ಅಡಗಿದೆ. ಭಾನುವಾರದ ಸೈಕಲ್ಲು ಆರೋಗ್ಯದ ಲಕ್ಷಣ. ಸೋಮವಾರದ ಸೈಕಲ್ಲು ಬಡತನದ ಲಕ್ಷಣ! ಆದರೂ ಮರುದಿನ ಅವರು ಹೊರಟೇ ಹೊರಟರು.

ಕುವೆಂಪುನಗರದಿಂದ ಪೇಟೆಗೆ ನಾಲ್ಕೈದು ಕಿಲೋಮೀಟರು. ಸಾವಧಾನವಾಗಿ ತುಳಿದರೂ ಇಪ್ಪತ್ತೈದು ನಿಮಿಷ ಸಾಕು. ಸ್ಕೂಟರಿನಲ್ಲಿ ಹದಿನೈದಾದರೂ ಬೇಕಾಗಿತ್ತು. ಈ ಹತ್ತು ನಿಮಿಷದ ಬೆಲೆಗೆ ದೊರೆತದ್ದೇನು? ಸರಸ್ವತಿಪುರಂನಲ್ಲಿ ಯಾರದೋ ಅಂಗಳದ ಸಂಪಿಗೆಯ ಕಂಪು ಮೊದಲ ಬಾರಿಗೆ ತಿಳಿಯಿತು. ಸ್ವಲ್ಪ ಸುತ್ತಾದರೂ ಚಿಂತೆಯಿಲ್ಲವೆಂದು ಕುಕ್ಕರಹಳ್ಳಿ ಕೆರೆಯ ಬಳಿ ಸುಳಿದರೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ನಿರ್ಮಾಣವಾದ ಆ ಜಲರಾಶಿಯ ಮೇಲೆ ಹೆಜ್ಜಾರ್ಲೆಗಳು ನಿಧಾನವಾಗಿ ತೇಲುತ್ತಿದ್ದವು. ಕೆರೆಯಾಚೆ ಮಾನಸಗಂಗೋತ್ರಿಯ ಮರಗಳು. ಆ ಹೆಸರನ್ನು ಕೊಟ್ಟವರು ಕುವೆಂಪು. ಮುಂದೆ ಕ್ರಾಫರ್ಡ್ ಭವನ. ಅನತಿ ದೂರದಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯನ್ನು ಗುರುತಿಸಿ, 1909ರಲ್ಲಿ ಗ್ರಂಥವನ್ನು ಲೋಕಕ್ಕೆ ಕೊಟ್ಟ ಆರ್. ಶಾಮಶಾಸ್ತ್ರಿಗಳು ಕೆಲಸ ಮಾಡಿದ ಸಂಸ್ಥೆ ಅದು. ಇಪ್ಪತ್ತು ವರ್ಷ ದಿನವೂ ಅದರ ಮುಂದೆ ಹೋಗಿದ್ದರೂ ಆ ಕಟ್ಟಡದ ಕಂಬಗಳನ್ನು ಅವರು ನೋಡಿದ್ದು ಅಂದೇ.

ಕಚೇರಿಯ ಕಾವಲುಗಾರ ಮಾತ್ರ ಕಾರುಗಳ ನೆರಳಿಗೆ ಕೈತೋರದೆ, “ಸೈಕಲ್ ಆ ಕಡೆ, ಜನರೇಟರ್ ಹಿಂದೆ ಹಾಕಿ ಸಾರ್” ಎಂದ. ಅಲ್ಲಿ ಅದಾಗಲೇ ಎರಡು ಸೈಕಲ್ಲುಗಳಿದ್ದವು. ಒಂದು ಕಸ ಗುಡಿಸುವಾಕೆಯದು. ಇನ್ನೊಂದು ಚಹಾ ತರುವ ಹುಡುಗನದು. ಇಷ್ಟು ವರ್ಷ ಅವರು ಕೆಲಸಕ್ಕೆ ಹೇಗೆ ಬರುತ್ತಾರೆಂದು ಇವರು ಯೋಚಿಸಿದ್ದೇ ಇಲ್ಲ.

ಹೊಸದಾಗಿ ತುಳಿಯಲೆಳಸುವವರು ಕೆಲವು ವಿಷಯಗಳನ್ನು ಗಮನಿಸುವುದು ಒಳ್ಳೆಯದು. ಪೆಡಲು ಕೆಳಗಿರುವಾಗ ಮೊಣಕಾಲು ಕೊಂಚವೇ ಬಾಗುವಷ್ಟು ಎತ್ತರಕ್ಕೆ ಸೀಟಿರಬೇಕು. ಸೀಟು ತಗ್ಗಾದರೆ ಮಂಡಿನೋವು ತಪ್ಪದು. ವಾರಕ್ಕೊಮ್ಮೆ ಗಾಳಿಯನ್ನು ಒತ್ತಿ ನೋಡಬೇಕು. ಬ್ರೇಕನ್ನು ಹಿಡಿಯುವಾಗ ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಮಳೆಯಲ್ಲಿ ಇನ್ನೂ ಮುಂಚಿತವಾಗಿ ಹಿಡಿಯಬೇಕು. ನಿಂತ ಕಾರಿನ ಬಾಗಿಲು ಯಾವಾಗ ತೆರೆದೀತೆಂದು ಹೇಳಲಾಗದು. ಅದರಿಂದ ಒಂದು ಮಾರು ದೂರವಿರುವುದೇ ಕ್ಷೇಮ. ತಲೆಗೆ ಹೆಲ್ಮೆಟ್ಟು, ಕತ್ತಲಿಗೆ ಮುಂದೆ ಬಿಳಿಯ ಮತ್ತು ಹಿಂದೆ ಕೆಂಪು ದೀಪ. ಕಿವಿಗೆ ಹಾಡಿನ ತಂತಿ ಬೇಡವೇ ಬೇಡ. ಬೆವರಿನ ಚಿಂತೆಯಿದ್ದವರು ಹತ್ತು ನಿಮಿಷ ಮೊದಲೇ ಹೊರಡಬೇಕು. ಚೀಲದಲ್ಲಿ ಇನ್ನೊಂದು ಅಂಗಿಯಿದ್ದರೆ ಆಯಿತು. ಇನ್ನು ಲೆಕ್ಕ: ಹೋಗುತ್ತ ಬರುತ್ತ ದಿನಕ್ಕೆ ಹತ್ತು ಕಿಲೋಮೀಟರಾದರೆ, ಇಪ್ಪತ್ತೈದು ದಿನಕ್ಕೆ ಇನ್ನೂರೈವತ್ತು, ಸ್ಕೂಟರು ಕುಡಿಯುವ ಐದಾರು ಲೀಟರು ಪೆಟ್ರೋಲು ಉಳಿಯಿತು. ಉಳಿತಾಯ ದೊಡ್ಡದಲ್ಲ. ಹಸಿದು ಊಟ ಮಾಡುವ ಸುಖ, ಮಲಗಿದೊಡನೆ ಬರುವ ನಿದ್ದೆ, ಇವೇ ದೊಡ್ಡವು.

ಎರಡು ತಿಂಗಳ ಬಳಿಕ ಗೃಹಸ್ಥರು ಬೆಟ್ಟವನ್ನೇರಲು ಮನಸ್ಸು ಮಾಡಿದರು. ಮೈಸೂರಿನ ನೆಲದಿಂದ ಚಾಮುಂಡಿಯ ನೆತ್ತಿಗೆ ಸುಮಾರು 300 ಮೀಟರಿನ ಏರು. ಸೈಕಲ್ಲಿಗೆ ಅದು ಸಾಮಾನ್ಯವಲ್ಲ. ಮೊದಲ ತಿರುವಿನಲ್ಲಿ ಮಾತು ನಿಲ್ಲುತ್ತದೆ. ಎರಡನೆಯದರಲ್ಲಿ ಉಸಿರಿನ ಸದ್ದೊಂದೇ ಕೇಳಿಸುತ್ತದೆ. ಅವರು ಎರಡು ಬಾರಿ ಇಳಿದು ತಳ್ಳಿದರು. ಇಪ್ಪತ್ತರ ಹುಡುಗಿಯೊಬ್ಬಳು, “ನಿಧಾನ ಬನ್ನಿ ಅಂಕಲ್, ಬೆಟ್ಟ ಎಲ್ಲೂ ಓಡೋಲ್ಲ” ಎಂದು ನಗುತ್ತ ಮುಂದೆ ಹೋದಳು. ರಸ್ತೆಯಂಚಿನ ಕಟ್ಟೆಯ ಬಳಿ ನಿಂತಾಗ ಕೆಳಗೆ ಊರೆಲ್ಲ ಹಾಸಿತ್ತು. 1912ರಲ್ಲಿ ಮುಗಿದ ಅರಮನೆಯ ಗುಮ್ಮಟಗಳು, ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು, ಕಾರಂಜಿಕೆರೆಯ ಕನ್ನಡಿ, ಬೆಳ್ಳಗೆ ಒಂಟಿಯಾಗಿ ನಿಂತ ಲಲಿತಮಹಲ್. ಇಳಿಯುವಾಗ ನಂದಿಯ ಕಡೆಗೆ ಹೊರಳಿದರು. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಿಂದ ಕಡೆದ, ಸುಮಾರು 15 ಅಡಿ ಎತ್ತರದ ಆ ನಂದಿಯನ್ನು ಕಂಡಾಗ, ಭಾರವನ್ನು ಹೊತ್ತೂ ಅವಸರಪಡದ ಪ್ರಾಣಿಯ ಶಾಂತಿ ಅವರ ಮನಸ್ಸಿಗೂ ಇಳಿಯಿತು.

ಆದರೆ ಈ ಸುಖವನ್ನು ಭಾನುವಾರಕ್ಕೆ ಕಟ್ಟಿಹಾಕಿದರೆ ನಗರಕ್ಕೆ ಲಾಭವಿಲ್ಲ. ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದಾಗ, ಊರಿಂದೂರಿಗೆ ನಡೆದು ಓದಬೇಕಾಗಿದ್ದ ಹಳ್ಳಿಯ ಹೆಣ್ಣುಮಕ್ಕಳಿಗೆ ಪ್ರೌಢಶಾಲೆ ಹತ್ತಿರವಾಯಿತು. ಮೈಸೂರಿನಲ್ಲಿ 2017ರ ಜೂನ್ ತಿಂಗಳಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ 450 ಸೈಕಲ್ಲುಗಳೊಡನೆ ಆರಂಭವಾಯಿತು. ಒಂದು ನಿಲ್ದಾಣದಲ್ಲಿ ಪಡೆದು ಇನ್ನೊಂದರಲ್ಲಿ ಬಿಡುವ ಈ ಏರ್ಪಾಟು ಹಳೆಯ ಬಾಡಿಗೆ ಅಂಗಡಿಯ ಹೊಸ ಅವತಾರವೆನ್ನಬಹುದು.

ಇನ್ನೊಂದು ಕಡೆ ಕಾಲದ ಓಟ ಬೇರೆ. ಮೈಸೂರಿನಿಂದ ಹದಿನೈದು ಹದಿನಾರು ಕಿಲೋಮೀಟರು ದೂರದ ಶ್ರೀರಂಗಪಟ್ಟಣಕ್ಕೆ ಸೈಕಲ್ಲಿನಲ್ಲಿ ಹೋಗಿ, ಕಾವೇರಿಯಲ್ಲಿ ಮಿಂದು, ರಂಗನಾಥನ ದರ್ಶನ ಪಡೆದು ಬರುವುದು ಹಿಂದಿನ ವಿದ್ಯಾರ್ಥಿಗಳ ರಜೆಯ ವಿನೋದವಾಗಿತ್ತು. ಇಂದು ಬೆಂಗಳೂರು ಮೈಸೂರು ಹೆದ್ದಾರಿಯ ವೇಗಪಥದಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್ಲಿಗೆ ಪ್ರವೇಶವಿಲ್ಲ; ಸ್ಕೂಟರು, ಆಟೋಗಳಿಗೂ ಇಲ್ಲ. ಪ್ರಾಣರಕ್ಷಣೆಯ ದೃಷ್ಟಿಯಿಂದ ನಿಯಮ ಸರಿಯೇ. ಅಷ್ಟು ವೇಗದ ದಾರಿ ಊರಿಗೆ ಬಂದಮೇಲೆ, ನಿಧಾನದ ದಾರಿಯನ್ನೂ ಅಷ್ಟೇ ಅಕ್ಕರೆಯಿಂದ ಕಾಯ್ದುಕೊಳ್ಳಬೇಕಾಗುತ್ತದೆ. ಅದನ್ನು ಕಾಯುವವರು ಯಾರು? ಅದರಲ್ಲಿ ದಿನವೂ ಓಡಾಡುವವರು. ಹತ್ತು ಜನ ವಕೀಲರು, ಇಪ್ಪತ್ತು ಜನ ಉಪಾಧ್ಯಾಯರು ಸೋಮವಾರವೂ ಸೈಕಲ್ಲಿನಲ್ಲಿ ಹೊರಟರೆ, ರಸ್ತೆಯಂಚಿನ ಹಳ್ಳ ಮುಚ್ಚೀತು, ಚರಂಡಿಯ ಕಲ್ಲು ನೆಟ್ಟಗಾದೀತು. ಆಗ ಗಾರೆ ಕೆಲಸದವನೂ ಹಾಲಿನ ಮುದುಕನೂ ಅಂಜದೆ ಮನೆ ಸೇರಿಯಾರು.

ಈಗ ಆ ಕಚೇರಿಯ ಜನರೇಟರಿನ ಹಿಂದೆ ನಾಲ್ಕು ಸೈಕಲ್ಲುಗಳಿವೆ. ನಾಲ್ಕನೆಯದು ಹೊಸದಾಗಿ ಸೇರಿದ ಗುಮಾಸ್ತೆಯದು. ಕುವೆಂಪುನಗರದ ಗೃಹಿಣಿ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಹ್ಯಾಂಡಲಿಗೆ ಒಂದು ಬಟ್ಟೆಯ ಚೀಲವನ್ನು ತಾವೇ ಹೊಲಿದು ಕಟ್ಟಿದ್ದಾರೆ. ಸಂಜೆ ದೇವರಾಜ ಮಾರುಕಟ್ಟೆಯಿಂದ ವೀಳ್ಯದೆಲೆಯೂ ಮಲ್ಲಿಗೆಯೂ ಅದರಲ್ಲೇ ಬರುತ್ತವೆ.

ಮೊನ್ನೆ ಸೋಮವಾರ, ಸಿಗ್ನಲ್ಲಿನ ಕೆಂಪು ದೀಪದೆದುರು, ಗೃಹಸ್ಥರ ಪಕ್ಕಕ್ಕೆ ಗಾರೆ ಕೆಲಸದವನೊಬ್ಬ ಬಂದು ನಿಂತ. ಇಬ್ಬರ ಕಾಲೂ ನೆಲಕ್ಕೆ ಊರಿತ್ತು. ಅವನು ಒಮ್ಮೆ ಬಗ್ಗಿ ನೋಡಿ ಹೇಳಿದ:

“ಸಾರ್, ಹಿಂದಿನ ಗಾಲೀಲಿ ಗಾಳಿ ಕಮ್ಮಿ ಐತೆ. ಮುಂದೆ ಮರದ ಕೆಳಗೆ ಅಂಗಡಿ ಐತೆ, ಬನ್ನಿ, ತೋರಿಸ್ತೀನಿ.”

ಹಸಿರು ದೀಪ ಬಂದಿತು. ಹಿಂದಿನ ಕಾರು ಹಾರನ್ನು ಒತ್ತಿತು. ಇಬ್ಬರೂ ಜೊತೆಯಾಗಿ ಹೊರಟರು.