ಮಗ್ಗದ ಕೆಲಸವೂ ಅನುಭವವೇ

ಜೆರಾಕ್ಸ್ ಅಂಗಡಿಯ ಒಂದೇ ನಮೂನೆಯಲ್ಲಿ ಟೈಪಾಗುವ ಎಷ್ಟೋ ರೆಸ್ಯೂಮುಗಳಲ್ಲಿ ತಂದೆಯ ಹೆಸರು, ಧರ್ಮ, ಹವ್ಯಾಸ ಎಲ್ಲವೂ ಇರುತ್ತವೆ. ಅನುಭವದ ಎದುರು ಮಾತ್ರ ‘ಫ್ರೆಶರ್’. ದೊಡ್ಡಬಳ್ಳಾಪುರದಲ್ಲಿ ಮನೆಯ ಪವರ್‌ಲೂಮ್ ನಡೆಸುತ್ತಲೇ ಐಟಿಐ ಮುಗಿಸಿದವರಿಗೆ ಇದು ದೊಡ್ಡ ನಷ್ಟ. ಎರಡು ಮಗ್ಗ ಒಟ್ಟಿಗೆ ನೋಡಿಕೊಳ್ಳುವುದು, ಎಳೆ ಕಡಿದ ಕೂಡಲೇ ನಿಲ್ಲಿಸಿ ಗಂಟು ಹಾಕುವುದು, ಸೀರೆಯಲ್ಲಿ ದೋಷ ಹಿಡಿಯುವುದು: ಅಲ್ಲಿನ ಅಪೆರಲ್ ಪಾರ್ಕಿನ ಗಾರ್ಮೆಂಟ್ಸಿಗೂ ದೇವನಹಳ್ಳಿಯ ಫ್ಯಾಕ್ಟರಿಗಳಿಗೂ ಬೇಕಾದದ್ದು ಇಂಥ ಕಣ್ಣೇ. ಮನೆಯ ಮಗ್ಗದ ಕೆಲಸಕ್ಕೆ ಸರ್ಟಿಫಿಕೇಟ್ ಎಲ್ಲಿದೆ ಎನ್ನಬಹುದು. ಇಲ್ಲ, ನಿಜ. ಆದರೆ ಮಗ್ಗ ಗೊತ್ತಿದೆಯೋ ಇಲ್ಲವೋ ಎಂಬುದು ಸಂದರ್ಶನದ ಎರಡೇ ಪ್ರಶ್ನೆಗೆ ಬಯಲಾಗುತ್ತದೆ. ಹವ್ಯಾಸದ ಸಾಲಿನ ‘ಕ್ರಿಕೆಟ್’ನಿಂದ ಕೆಲಸ ಕೊಡುವವರಿಗೆ ತಿಳಿಯುವುದೇನೂ ಇಲ್ಲ. ಧರ್ಮ, ಹವ್ಯಾಸ ತೆಗೆದುಬಿಡಿ. ಆ ಜಾಗದಲ್ಲಿ ಎಷ್ಟು ವರ್ಷ, ಎಷ್ಟು ಮಗ್ಗ, ಯಾವ ರಿಪೇರಿ ಬರುತ್ತದೆ ಎಂದು ಬರೆಯಿರಿ.