ಧೂಳಿಗೆ ದನಿಯಿಲ್ಲ

ಮದುವೆಯ ಮನೆಯಲ್ಲಿ ಚಿನ್ನದ ಮಾತು ಬಾರದಿರುವುದುಂಟೆ? ಹುಡುಗಿಯ ಕೊರಳಿನ ಸರ ಎಷ್ಟು ತೊಲದ್ದು, ಬಳೆಗಳು ಹಳೆಯವನ್ನು ಕರಗಿಸಿ ಮಾಡಿಸಿದವೋ ಹೊಸವೋ, ಅಕ್ಕಸಾಲಿಗನು ಕೂಲಿಯೆಂದೂ ಸವಕಳಿಯೆಂದೂ ಎಷ್ಟು ಮುರಿದುಕೊಂಡ—ಈ ವಿಚಾರಣೆಯೆಲ್ಲ ಮಂಟಪದ ಹಿಂದೆ ಸಾಂಗವಾಗಿ ನಡೆಯುತ್ತದೆ. ಆ ಚಿನ್ನ ನೆಲದ ಹೊಟ್ಟೆಯಿಂದ ಮೇಲಕ್ಕೆ ಬಂದ ಬಗೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಜ್ಜಿಯ ಕಾಲದ ಒಡವೆಯಾದರೆ ಅದರಲ್ಲಿ ಕೋಲಾರದ ಒಂದೆರಡು ಕಣಗಳಾದರೂ ಇದ್ದಾವು. ಕೇಳಿದರೆ ತಪ್ಪೇನೂ ಇಲ್ಲ.

ಕೋಲಾರದ ಚಿನ್ನದ ಗಣಿಗಳಲ್ಲಿ 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಆಂಗ್ಲ ಸಂಸ್ಥೆ ಕೆಲಸಕ್ಕೆ ತೊಡಗಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಈ ನಡುವಣ 120 ವರ್ಷಗಳಲ್ಲಿ ಅಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದುದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ಇನ್ನೂ ಮೂರು ವರ್ಷ ಕಾಯಬೇಕಾಯಿತು. ಚಾಂಪಿಯನ್ ರೀಫ್ ಗಣಿ ಕೊನೆಗೆ ತಲುಪಿದ ಆಳ ಸುಮಾರು 3.2 ಕಿಲೋಮೀಟರು. ಅಲ್ಲಿಯ ಬಂಡೆಯ ಕಾವು 60 ಡಿಗ್ರಿ ಸೆಲ್ಷಿಯಸನ್ನು ಮೀರಿತ್ತು. ಅಲ್ಲಿ ಮನುಷ್ಯನು ನಿಂತು ಉಸಿರಾಡಬೇಕಾದರೆ, ಮೇಲೆ ಯಂತ್ರಗಳಿಂದ ತಣಿಸಿದ ಗಾಳಿಯನ್ನು ಕೆಳಕ್ಕೆ ತಳ್ಳಬೇಕಾಗಿತ್ತು.

ಆಳಕ್ಕೆ ಇಳಿದಂತೆ ಇನ್ನೊಂದು ಭಯವೂ ಜೊತೆಗೆ ಇಳಿಯಿತು. ಮೇಲಿನ ಭಾರವನ್ನು ತಾಳಲಾರದ ಬಂಡೆ ಯಾವ ಮುನ್ಸೂಚನೆಯೂ ಇಲ್ಲದೆ ಸಿಡಿಯುತ್ತದೆ. ಗಣಿಯವರ ಬಾಯಲ್ಲಿ ಅದು ರಾಕ್‌ಬರ್ಸ್ಟ್. ದೊಡ್ಡ ಸಿಡಿತವಾದರೆ ಮೇಲಿನ ಊರೇ ನಡುಗುತ್ತಿತ್ತು. ಮನೆಗಳ ಗೋಡೆ ಬಿರುಕುಬಿಟ್ಟುದೂ ಉಂಟು. ಆ ಸದ್ದು ಕೇಳಿದ ಮನೆಯವರು, ಆ ಹೊತ್ತಿನಲ್ಲಿ ಕೆಳಗಿದ್ದವರು ಯಾರು ಯಾರೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿರಲಾರರೆ?

ಈ ಸಿಡಿತದ ವಿಷಯದಲ್ಲಿ ಗಣಿಯ ಆಡಳಿತ ಕೈಕಟ್ಟಿ ಕೂರಲಿಲ್ಲವೆಂಬುದನ್ನು ಒಪ್ಪಬೇಕು. ಅದಿರು ತೆಗೆದ ಟೊಳ್ಳುಗಳಲ್ಲಿ ಗ್ರಾನೈಟ್ ಕಲ್ಲುಗಳನ್ನು ಕಟ್ಟಿ ಆಸರೆ ಕೊಟ್ಟರು. ಅದಿರನ್ನು ತೆಗೆಯುವ ಕ್ರಮವನ್ನೇ ಬದಲಿಸಿದರು. ಮುಂದೆ ಬಂಡೆಯ ಅಲುಗಾಟವನ್ನು ಗುರುತಿಸುವ ಉಪಕರಣಗಳ ಜಾಲವನ್ನು ಹರಡಿದರು. 1988ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆಗೆ ಕೋಲಾರದ ಗಣಿಪ್ರದೇಶವೇ ತವರಾಯಿತು. ಸದ್ದು ಮಾಡುವ ಅಪಾಯಕ್ಕೆ ಇದೊಂದು ಅನುಕೂಲ. ಅದು ಎಲ್ಲರನ್ನೂ ಎಬ್ಬಿಸುತ್ತದೆ. ಸತ್ತವನು ಇಂಥ ದಿನ, ಇಂಥ ಜಾಗದಲ್ಲಿ ಸತ್ತನೆಂಬುದಕ್ಕೆ ಸಾಕ್ಷಿ ಬೇಕಾಗುವುದಿಲ್ಲ, ವಿಚಾರಣೆಯಾಗುತ್ತದೆ, ಪತ್ರಿಕೆಯಲ್ಲಿ ವರದಿಯಾಗುತ್ತದೆ.

ಧೂಳಿನ ಕಥೆ ಹಾಗಲ್ಲ.

ಗಣಿಯ ಕೊನೆಕೊನೆಯ ದಿನಗಳಲ್ಲಿ ಒಂದು ಟನ್ ಅದಿರಿಗೆ ದೊರೆಯುತ್ತಿದ್ದ ಚಿನ್ನ ಕೆಲವೇ ಗ್ರಾಂ. ಅಂದಮೇಲೆ ಸಾಮಾನ್ಯವಾದ ಒಂದು ಸರಕ್ಕೇ ಎಷ್ಟು ಟನ್ ಕಲ್ಲನ್ನು ಕೊರೆದು, ಸಿಡಿಸಿ, ಪುಡಿಮಾಡಬೇಕಾಗಿತ್ತೆಂಬುದನ್ನು ಓದುಗರೇ ಗುಣಿಸಿಕೊಳ್ಳಬಹುದು. ಆ ಚಿನ್ನ ಅಡಗಿದ್ದುದು ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಬೆಣಚುಕಲ್ಲೆಂದರೆ ಸಿಲಿಕಾ. ಅದರ ದಪ್ಪ ಪುಡಿಯಿಂದ ಅಷ್ಟು ಭಯವಿಲ್ಲ. ಮೂಗು ತಡೆಯುತ್ತದೆ, ಗಂಟಲು ಕೆಮ್ಮಿ ಹೊರಹಾಕುತ್ತದೆ. ಒಂದು ಮಿಲಿಮೀಟರನ್ನು ಇನ್ನೂರು ಪಾಲು ಮಾಡಿದರೆ ಒಂದು ಪಾಲಿಗಿಂತ ಸಣ್ಣದಾದ, ಕಣ್ಣಿಗೆ ಕಾಣದ ಕಣವೇ ಶ್ವಾಸಕೋಶದ ತೀರ ಒಳಮನೆಯವರೆಗೆ ಹೋಗಿ ಕೂರುವುದು. ಅದನ್ನು ನುಂಗಿಹಾಕಲು ದೇಹದ ಕಾವಲು ಕಣಗಳು ಬರುತ್ತವೆ. ನುಂಗಿ ತಾವೇ ಸಾಯುತ್ತವೆ. ಆ ಜಾಗದಲ್ಲಿ ಮಾಯ್ದ ಗಾಯದ ಕಲೆಯಂಥ ಗಡುಸಾದ ಗಂಟು ನಿಲ್ಲುತ್ತದೆ. ಗಂಟಿಗೆ ಗಂಟು ಸೇರಿದಂತೆ, ಉಸಿರಿಗೆ ಹಿಗ್ಗಿ ಕುಗ್ಗಬೇಕಾದ ಅಂಗ ಕಲ್ಲಿನಂತಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಸಾಲದುದಕ್ಕೆ ಇಂಥ ಶ್ವಾಸಕೋಶವೆಂದರೆ ಕ್ಷಯಕ್ಕೆ ಬಲು ಇಷ್ಟ.

ಇದು ತನ್ನನ್ನು ತೋರಿಸಿಕೊಳ್ಳಲು ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ. ಇಪ್ಪತ್ತೈದರ ಹರೆಯದಲ್ಲಿ ಕೊರೆಯುವ ಯಂತ್ರ ಹಿಡಿದವನಿಗೆ ನಲವತ್ತರಲ್ಲಿ ಏದುಸಿರು. ವಯಸ್ಸಾಯಿತೆಂದರು ಒಬ್ಬರು, ಬೀಡಿಯ ಫಲವೆಂದರು ಇನ್ನೊಬ್ಬರು, ಕ್ಷಯವೆಂದು ಬರೆದರು ವೈದ್ಯರು. 1940ರ ದಶಕದಲ್ಲಿ ಕೋಲಾರದ ಏಳು ಸಾವಿರಕ್ಕೂ ಹೆಚ್ಚು ಗಣಿಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕಿಂತಲೂ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡಿತು. ಯಾವ ಬಂಡೆಸಿಡಿತವೂ ಅಷ್ಟು ಜನರನ್ನು ಮುಟ್ಟಿರಲಿಲ್ಲ. ಆದರೂ ಊರು ನಡುಗಲಿಲ್ಲ.

ರೋಗಿಯ ಕಸುಬನ್ನು ಕೇಳಬೇಕೆಂಬ ಮಾತು ಹೊಸದೇನಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಮಜ್ಜೀನಿ 1700ರಲ್ಲೇ ಕಸುಬುಗಳ ರೋಗಗಳನ್ನು ಕುರಿತು ಒಂದು ಗ್ರಂಥ ಬರೆದು, ವೈದ್ಯನು ಕೇಳುವ ಪ್ರಶ್ನೆಗಳ ಜೊತೆಗೆ ‘ನಿನ್ನ ಕೆಲಸವೇನು?’ ಎಂಬುದನ್ನೂ ಸೇರಿಸಬೇಕೆಂದು ಹೇಳಿದ್ದನು. ಮೂರು ಶತಮಾನ ಕಳೆದರೂ ಎಷ್ಟು ಔಷಧಾಲಯಗಳಲ್ಲಿ ಆ ಪ್ರಶ್ನೆ ಕೇಳಿಬರುತ್ತದೆ?

ವಿಚಿತ್ರವೆಂದರೆ ಈ ಮಾರಿಯನ್ನು ತಡೆಯುವ ಸಾಧನ ದುಬಾರಿಯದಲ್ಲ, ಅಪರೂಪದ್ದೂ ಅಲ್ಲ. ಅದು ನೀರು. ಒಣಕಲ್ಲನ್ನು ಕೊರೆದರೆ ಧೂಳು ಏಳುತ್ತದೆ. ಟೊಳ್ಳಾದ ಕಂಬಿಯೊಳಗಿಂದ ನೀರು ಹರಿಸುತ್ತ ಕೊರೆದರೆ ಅದೇ ಧೂಳು ಕೆಸರಾಗಿ ಇಳಿದುಹೋಗುತ್ತದೆ. ಅಮೆರಿಕದ ಗಣಿಗಾರರು ಹಳೆಯ ಒಣ ಯಂತ್ರಕ್ಕೆ ‘ವಿಧವೆಯರನ್ನು ಮಾಡುವ ಯಂತ್ರ’ ಎಂದೇ ಹೆಸರಿಟ್ಟಿದ್ದರು. ನೀರಿನ ಜೊತೆಗೆ ಇನ್ನೆರಡು ಕ್ರಮ: ಕೆಲಸದ ಪಾಳಿ ಮುಗಿದು ಜನ ಹೊರಬಂದ ಮೇಲೆ ಮದ್ದು ಸಿಡಿಸುವುದು, ಹೊಗೆ ಧೂಳುಗಳನ್ನು ಗಾಳಿ ಹೊರಕ್ಕೆ ಒಯ್ದ ಬಳಿಕವೇ ಮುಂದಿನ ಪಾಳಿಯವರನ್ನು ಒಳಗೆ ಬಿಡುವುದು. ಇವೆಲ್ಲ ಆದಮೇಲೂ ಉಳಿದ ಧೂಳಿಗೆ ಮಾತ್ರ ಮುಖಗವಸು.

ಆದರೆ ಅನೇಕ ಕಾರ್ಖಾನೆಗಳಲ್ಲಿ ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಮುಖಗವಸನ್ನು ಹಂಚಿ, ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು, ಗೋಡೆಯ ಮೇಲೆ ‘ಎಚ್ಚರಿಕೆ’ ಎಂದು ಬರೆಸಿದರೆ ಯಜಮಾನನ ಋಣ ತೀರಿತು. ಬೆವರು ಸುರಿಯುವ ಬೇಗೆಯಲ್ಲಿ ಎಂಟು ಗಂಟೆ ಮೂಗು ಬಾಯಿ ಕಟ್ಟಿಕೊಂಡು ಭಾರ ಎತ್ತಬಲ್ಲವರು ಯಾರು? ಎಷ್ಟು ಅಡಿ ಕೊರೆದನೋ ಅಷ್ಟು ಕೂಲಿಯೆಂದಾಗ, ನೀರಿನ ಕೊಳವೆ ಕೆಟ್ಟಿತೆಂದು ಕೆಲಸ ನಿಲ್ಲಿಸಿ ಕೂರಬಲ್ಲವರು ಯಾರು? ಅವನು ಗವಸನ್ನು ಕೆಳಕ್ಕೆ ಜಾರಿಸಿದ ಗಳಿಗೆಯಲ್ಲೇ ತಪ್ಪು ಅವನದಾಗುತ್ತದೆ. ಮನುಷ್ಯನ ಎಚ್ಚರವನ್ನು ನಂಬಿ ನಡೆಸುವ ಸುರಕ್ಷತೆ ಅಗ್ಗವಾದದ್ದು. ಯಂತ್ರಕ್ಕೆ ನೀರಿಲ್ಲದಿದ್ದರೆ ಯಂತ್ರವೇ ನಡೆಯದಂತೆ ಮಾಡುವುದಕ್ಕೆ ಹಣ ಬೇಕು. ಜಗಳವೆಲ್ಲ ಇರುವುದು ಇಷ್ಟರಲ್ಲೇ.

ಕಾನೂನು ಇಲ್ಲದಿಲ್ಲ. 1952ರ ಗಣಿ ಶಾಸನವು, ಗೊತ್ತುಪಡಿಸಿದ ರೋಗ ಕಂಡರೆ ಗಣಿಯ ಮ್ಯಾನೇಜರನೂ ವೈದ್ಯನೂ ಸರ್ಕಾರಕ್ಕೆ ತಿಳಿಸಬೇಕೆಂದು ವಿಧಿಸಿತು. ಆದರೆ ಕೆಲಸ ಬಿಟ್ಟು ಹಳ್ಳಿ ಸೇರಿ ಹತ್ತು ವರ್ಷವಾದವನ ಉಸಿರಿಗೆ ಮ್ಯಾನೇಜರು ಯಾರು? ಹಾಜರಿಪಟ್ಟಿಯಲ್ಲೇ ಹೆಸರಿಲ್ಲದ ಗುತ್ತಿಗೆಯ ಕೂಲಿಯವನಾದರೆ ಅಷ್ಟೂ ಇಲ್ಲ. ಮಧ್ಯಪ್ರದೇಶದ ಮಂದ್‌ಸೌರಿನಲ್ಲಿ ಮಕ್ಕಳ ಸ್ಲೇಟುಕಡ್ಡಿಗಳನ್ನು ಗರಗಸದಿಂದ ಕೊಯ್ಯುತ್ತಿದ್ದವರನ್ನು ಈ ರೋಗ ಎಳೆಯ ವಯಸ್ಸಿನಲ್ಲೇ ಹಿಡಿದುದು ವೈದ್ಯಶಾಸ್ತ್ರದಲ್ಲಿ ದಾಖಲಾಗಿದೆ. ‘ಅ ಆ’ ತಿದ್ದಿದ ಮನೆಗಳಲ್ಲಿ ಎಷ್ಟು ಜನಕ್ಕೆ ಆ ಸುದ್ದಿ ಮುಟ್ಟಿತು?

ಕೋಲಾರದ ಗಣಿಯ ಬಾಯಿಗಳು ಈಗ ಮುಚ್ಚಿವೆ. ಕೆಳಗಣ ಸುರಂಗಗಳಲ್ಲಿ ನೀರು ತುಂಬಿದೆ. ಮೇಲೆ ಉಳಿದಿರುವುದು ಚಿನ್ನ ತೆಗೆದ ಮೇಲೆ ಸುರಿದ ಪುಡಿಕಲ್ಲಿನ ಗುಡ್ಡಗಳು. ಸೈನೈಡಿನಲ್ಲಿ ತೊಳೆದ ಮಣ್ಣಾದ್ದರಿಂದ ಜನ ಅವನ್ನು ಸೈನೈಡ್ ಗುಡ್ಡಗಳೆಂದೇ ಕರೆಯುತ್ತಾರೆ. ಸಿನಿಮಾದವರಿಗೆ ಅವು ಬಲು ಚೆಂದವಾಗಿ ಕಂಡಿವೆ. ಗಾಳಿ ಜೋರಾಗಿ ಬೀಸಿದ ದಿನ ಅವುಗಳ ಬೂದಿಬಣ್ಣದ ಧೂಳು ಎದ್ದು ಕಾರ್ಮಿಕರ ಹಳೆಯ ಸಾಲುಮನೆಗಳ ಮೇಲೆ ಇಳಿಯುತ್ತದೆ. ಒಳಗಿನವರು ಎದ್ದು ಕಿಟಕಿ ಮುಚ್ಚುತ್ತಾರೆ.